ಕೆಂಪು ಹಚ್ಚಿದ ಸಬರ್ಬಿನ ಟೀಚರ್

ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ನಮ್ಮ ಆಫೀಸಿನ ಕೆಳಗೊಂದು ಕೆಫೆ ಇದೆ. ಅಲ್ಲಿ ಕೇಕನ್ನು ತಟ್ಟೆಯಲ್ಲಿ ಕೊಡುವುದಿಲ್ಲ, ಕಪ್ಪು ಕಲ್ಲಿನ ಹಲಗೆಯ ಮೇಲಿಟ್ಟು ಕೊಡುತ್ತಾರೆ. ಹೋದ ತಿಂಗಳು ಕಾಫಿಗೆ ಸಾಲಿನಲ್ಲಿ ನಿಂತಿದ್ದಾಗ ಅಲ್ಲಿನ ಹುಡುಗಿ ಒದ್ದೆ ಬಟ್ಟೆಯಿಂದ ಆ ಹಲಗೆಗಳನ್ನು ಒಂದೊಂದಾಗಿ ಒರೆಸಿ ಜೋಡಿಸುತ್ತಿದ್ದಳು. ಒದ್ದೆ ಸ್ಲೇಟಿನ ವಾಸನೆ ಬಂತು. ಎಷ್ಟೋ ವರ್ಷಗಳಿಂದ ಮೂಗಿಗೆ ಬಡಿಯದ ವಾಸನೆ... ನನ್ನ ಸರದಿ ಬಂದದ್ದೇ ಗೊತ್ತಾಗಲಿಲ್ಲ. ಹಿಂದಿದ್ದವರು ಗಂಟಲು ಸರಿಮಾಡಿಕೊಂಡ ಮೇಲೆ ಎಚ್ಚರವಾಯಿತು.

ಮೆಲ್ಬರ್ನ್‌ನಲ್ಲಿ ಮಕ್ಕಳ ಕೈಗೆ ಸ್ಲೇಟು, ಬಳಪ ಕೊಟ್ಟು ಕನ್ನಡ ಕಲಿಸುತ್ತಿದ್ದ ಒಬ್ಬರೇ ಒಬ್ಬರು ನನಗೆ ಗೊತ್ತಿದ್ದರು. ಎಲ್ಲರೂ ಅವರನ್ನು ಟೀಚರ್ ಎನ್ನುತ್ತಿದ್ದರು. ಊರು ಬಳ್ಳಾರಿ. ಅಲ್ಲಿ ಪ್ರೈಮರಿ ಶಾಲೆಯಲ್ಲಿ ಹದಿನಾಲ್ಕು ವರ್ಷ ಪಾಠ ಮಾಡಿದವರು, ಇಲ್ಲಿ ವಾರದ ಐದು ದಿನ ಒಂದು ಗೋದಾಮಿನಲ್ಲಿ ತರಕಾರಿ ಪ್ಯಾಕ್ ಮಾಡುತ್ತಿದ್ದರು. ಶನಿವಾರ ಬೆಳಿಗ್ಗೆ ಮಾತ್ರ ಸೀರೆ ಉಟ್ಟು, ತಮ್ಮ ಸಬರ್ಬಿನ ಪುರಸಭೆಯಾದ ಕೌನ್ಸಿಲ್‌ನ ಹಾಲ್‌ನಲ್ಲಿ ಮತ್ತೆ ಟೀಚರ್ ಆಗುತ್ತಿದ್ದರು. ಊರಿಗೆ ಹೋದಾಗಲೆಲ್ಲ ಸೂಟ್‌ಕೇಸಿನಲ್ಲಿ ಸೀರೆ ಬಿಟ್ಟು ಸ್ಲೇಟು ತುಂಬಿಕೊಂಡು ಬರುತ್ತಿದ್ದರಂತೆ.

ಆ ಸಬರ್ಬಿನ ಹೆಸರನ್ನು ನಾನು ಬರೆಯುವುದಿಲ್ಲ. ಅದರ ಹೆಸರು ಈಗಾಗಲೇ ಸಾಕಷ್ಟು ಕೆಟ್ಟಿದೆ, ಅದರಲ್ಲಿ ನನ್ನ ಪಾಲೂ ಇದೆ. ಹೊರಗಿನವರ ಬಾಯಲ್ಲಿ ಅದು ಕಳ್ಳರ ಊರು, ಕುಡುಕರ ಊರು, ಸ್ಟೇಷನ್ನಿನಲ್ಲಿ ಫೋನ್ ಹೊರಗೆ ತೆಗೆಯಬಾರದ ಊರು. ಅಲ್ಲಿಯೇ ಇರುವವರನ್ನು ಕೇಳಿದರೆ ಅವರೂ ಮೊದಲು ನಾಲ್ಕು ಬೈಯುತ್ತಾರೆ, ಆಮೇಲೆ ಮೆಲ್ಲಗೆ ಬೇರೆಲ್ಲಿಗೂ ಹೋಗಲಾರೆವು ಎನ್ನುತ್ತಾರೆ. ಟೀಚರ್ ಅಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿತ್ತು. ಗಂಡ ತೀರಿಕೊಂಡ ಮೇಲೂ ಹಾಲ್ ಇದ್ದ ಬೀದಿಯ ಅದೇ ಮನೆಯಲ್ಲಿದ್ದರು.

ನಾನು ಮೈಸೂರಿನಿಂದ ಬಂದು ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಓದುತ್ತಿದ್ದೆ. ಒಂದು ಮನೆಯಲ್ಲಿ ಆರು ಜನ ಹುಡುಗಿಯರು. ಟೀಚರ್ ಕ್ಲಾಸಿಗೆ ನಾನು ಮೊದಲು ಹೋದದ್ದು ಕನ್ನಡದ ಪ್ರೀತಿಗಲ್ಲ, ಹೊಟ್ಟೆಪಾಡಿಗೆ. ಕ್ಲಾಸ್ ಮುಗಿದ ಮೇಲೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಸಿಗುತ್ತದೆಂದು ಯಾರೋ ಹೇಳಿದ್ದರು. ಎರಡು ಬಸ್ ಬದಲಾಯಿಸಿ ಹೋದೆ. ಟೀಚರ್ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡರು. "ಮೊದಲು ತಿನ್ನು ತಂಗಿ, ಆಮ್ಯಾಲೆ ಹಾಜರಿ ಪುಸ್ತಕ ಬರಿ," ಎಂದರು. ಹಾಗೆ ಶುರುವಾದದ್ದು, ಎರಡು ವರ್ಷ ಪ್ರತಿ ಶನಿವಾರ ಅವರ ಕ್ಲಾಸಿನಲ್ಲಿ ಹಾಜರಿ ಕೂಗಿದೆ, ಸ್ಲೇಟು ಒರೆಸಿದೆ, ಬಳಪ ತಿನ್ನುವ ಮಕ್ಕಳ ಬಾಯಿಗೆ ಬೆರಳು ಹಾಕಿ ತೆಗೆದೆ. ಸಂಜೆ ಅವರೇ ಕಾರಿನಲ್ಲಿ ಕ್ಲೇಟನ್‌ಗೆ ಬಿಟ್ಟು ಬರುತ್ತಿದ್ದರು.

ದಾರಿಯಲ್ಲಿ ಅವರದು ಒಂದೇ ವಕಾಲತ್ತು. "ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ನಮ್ಮ ಈ ಊರು ಹಂಗಲ್ಲ ನೋಡು. ದೂರಕ್ಕೇ ಒರಟು. ಹತ್ರ ಬಂದ್ರ ನುಣ್ಣಗ ಐತಿ. ಬಳ್ಳಾರಿಗೂ ಇದೇ ಹಣೆಬರಹ. ಬಂದೋರು ಬಿಸಿಲು, ಧೂಳು, ಜೈಲು ಅಂತ ಮೂರು ಮಾತು ಹೇಳಿ ಹೊಂಟೋಗ್ತಾರ." ನಾನು ಹೂಂ ಎನ್ನುತ್ತಲೇ ಕಾರಿನ ಬಾಗಿಲು ಲಾಕ್ ಆಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅವರು ಅದನ್ನು ನೋಡಿಯೂ ನೋಡದವರಂತೆ ಇರುತ್ತಿದ್ದರು.

ಓದು ಮುಗಿಯಿತು, ಕೆಲಸ ಸಿಕ್ಕಿತು, ಇಲ್ಲೇ ಕಾಯಂ ನೆಲೆಸುವ ಪಿಆರ್ ಬಂತು, ಮದುವೆಯಾಯಿತು. ಒಳ್ಳೆಯ ಶಾಲೆ ಇರುವ, ಒಳ್ಳೆಯ ಹೆಸರಿರುವ ಸಬರ್ಬಿನಲ್ಲಿ ಮನೆ ಮಾಡಿದೆವು. ಮಗಳಿಗೆ ಐದು ತುಂಬಿದಾಗ ಅವಳನ್ನೂ ಟೀಚರ್ ಹತ್ತಿರವೇ ಕರೆದುಕೊಂಡು ಹೋದೆ. ನನ್ನ ಗಂಡನಿಗೆ ಇಷ್ಟವಿರಲಿಲ್ಲ. "ಅಲ್ಲಿಗೇ ಹೋಗ್ಬೇಕಾ? ಆನ್‌ಲೈನ್ ಕ್ಲಾಸ್ ಇಲ್ವಾ?" ಎಂದಿದ್ದರು. ನಾನು ಹಟ ಹಿಡಿದು ಹೋದೆ. ಮಗಳು ಬಳಪ ತಿಂದಳು, ಅ ಬರೆದಳು, ಕ ಬರೆದಳು. ಟೀಚರ್ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು "ನಿಮ್ಮಮ್ಮ ಇಲ್ಲಿ ಒಗ್ಗರಣಿ ತಿನ್ನಾಕ ಬಂದಾಕಿ," ಎಂದು ನನ್ನ ಮಾನ ಕಳೆಯುತ್ತಿದ್ದರು.

ಒಂದು ಶನಿವಾರ ಕ್ಲಾಸ್ ಮುಗಿಸಿ ಹೊರಗೆ ಬಂದಾಗ ನಮ್ಮ ಕಾರಿನ ಹಿಂದಿನ ಕಿಟಕಿ ಒಡೆದಿತ್ತು. ಒಳಗಿದ್ದ ಬ್ಯಾಗು ಹೋಗಿತ್ತು. ಅದರಲ್ಲಿ ಇದ್ದದ್ದು ಮಗಳ ಒಂದು ಜೊತೆ ಬಟ್ಟೆ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಆದರೆ ಅವಳ ಸೀಟಿನ ತುಂಬ ಗಾಜಿನ ಚೂರು. ಮಗಳನ್ನು ಎತ್ತಿಕೊಂಡು ಕಾರಿನಿಂದ ದೂರ ನಿಂತೆ. ಹಾಲ್‌ನ ಎದುರುಮನೆಯಿಂದ ವಯಸ್ಸಾದ ಒಬ್ಬ ಆಸ್ಟ್ರೇಲಿಯನ್ ಮನುಷ್ಯ ಬಂದರು. ತೋಳಿನ ತುಂಬ ಮಾಸಿದ ಹಚ್ಚೆ, ಕಾಲಿಗೆ ಮನೆಯ ಚಪ್ಪಲಿ. ಉದ್ದದ ವೈರು ಎಳೆದು ವ್ಯಾಕ್ಯೂಮ್ ತಂದರು. ಅದು ಸಾಲದೆಂದು ಮೊಣಕಾಲೂರಿ, ಮಗುವಿನ ಸೀಟಿನ ಹೊಲಿಗೆಯ ಸಂದಿಗಳಲ್ಲಿ ಸಿಕ್ಕ ಚೂರುಗಳನ್ನು ಬೆರಳಲ್ಲಿ ಒಂದೊಂದಾಗಿ ಹೆಕ್ಕಿದರು. ಒಂದು ಗಂಟೆಯಾದರೂ ಹಿಡಿದಿರಬೇಕು. ಕಿಟಕಿಗೆ ಪ್ಲಾಸ್ಟಿಕ್ ಅಂಟಿಸಿ, "ಸಾರಿ, ಲವ್. ನಮ್ಮ ಬೀದಿ ಇಂಥದ್ದಲ್ಲ," ಎಂದರು; ಇಲ್ಲಿನ ಹಿರಿಯರು ಎಲ್ಲರನ್ನೂ ಲವ್ ಎಂದೇ ಕರೆಯುತ್ತಾರೆ. ಅವರ ಬೆರಳಿನಲ್ಲಿ ರಕ್ತ ಬಂದಿತ್ತು. ನಾನು ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ... ನೆನಪಿಲ್ಲ.

ಮುಂದಿನ ವಾರ ಊಟದ ಬಿಡುವಿನಲ್ಲಿ ಆಫೀಸಿನಲ್ಲಿ ಕುಳಿತು ನಾನೊಂದು ಶೀಟ್ ಮಾಡಿದೆ. ನಮ್ಮಂಥ ಐಟಿಯವರಿಗೆ ಕೋಪ ಬಂದರೂ ಅದನ್ನು ಕಾಲಮ್ಮುಗಳಲ್ಲಿ ತುಂಬಿಯೇ ಸಮಾಧಾನ. ಮೆಲ್ಬರ್ನ್‌ನ ಸಬರ್ಬ್‌ಗಳನ್ನೆಲ್ಲ ಸಾಲಾಗಿ ಬರೆದು, ಶಾಲೆ, ರೆಂಟ್, ಸ್ಟೇಷನ್, ಇಂಡಿಯನ್ ಅಂಗಡಿ, ಸೇಫ್ಟಿ ಎಂದು ವಿಂಗಡಿಸಿ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚಿದೆ. ಕಾಲೇ ಇಡದ ಜಾಗಗಳಿಗೂ ಅವರಿವರ ಮಾತು ಕೇಳಿ ಬಣ್ಣ ಹಚ್ಚಿದೆ. ಟೀಚರ್ ಇದ್ದ ಸಾಲಿಗೆ ಕಡುಗೆಂಪು. ಪಕ್ಕದಲ್ಲಿ, "ಸ್ವಂತ ಅನುಭವ. ಫ್ಯಾಮಿಲಿ ಇರುವವರು ದಯವಿಟ್ಟು ಬೇಡ. ಮಕ್ಕಳನ್ನು ಕರೆದುಕೊಂಡು ಹೋಗಲೂ ಬೇಡ," ಎಂದು ಬರೆದೆ. ಗಾಜು ಒಡೆದದ್ದನ್ನು ಬರೆದೆ. ಗಾಜು ಹೆಕ್ಕಿದವರನ್ನು ಬರೆಯಲಿಲ್ಲ. ಅದಕ್ಕೆ ಯಾವ ಕಾಲಮ್ಮೂ ಇರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ನೆಪ ಹೇಳಿಕೊಂಡಿದ್ದೇನೆ.

ಮೆಲ್ಬರ್ನ್‌ಗೆ ಹೊಸದಾಗಿ ಬರುವವರಿದ್ದ ಇಬ್ಬರು ಗೆಳತಿಯರು ಕೇಳಿದರು, ಕೊಟ್ಟೆ. ಅವರು ಇನ್ಯಾರಿಗೋ ಕೊಟ್ಟರು. ಒಂದು ತಿಂಗಳಲ್ಲಿ ಅದು ನಮ್ಮ ಕನ್ನಡದವರ ವಾಟ್ಸ್ಆ್ಯಪ್ ಗ್ರೂಪಿಗೆ ಬಂತು, ಯಾರು ಮಾಡಿದ್ದೆಂಬುದು ಮಾತ್ರ ದಾರಿಯಲ್ಲೇ ಉದುರಿಹೋಗಿತ್ತು. "ತುಂಬಾ ಉಪಯೋಗ, ಎಲ್ಲರೂ ನೋಡಿ," ಎಂದು ಪರಿಚಯವೇ ಇಲ್ಲದವರು ನನಗೇ ಕಳಿಸಿದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಹೆಮ್ಮೆಯಾಗಿತ್ತು.

ಟೀಚರ್‌ಗೆ ಹಾಲ್ ಸಿಗುತ್ತಿದ್ದದ್ದು ಹನ್ನೆರಡು ಮಕ್ಕಳಿದ್ದರೆ ಎಂಬ ಷರತ್ತಿನ ಮೇಲೆ. ಅದಕ್ಕಿಂತ ಕಡಿಮೆಯಾದರೆ ಕೌನ್ಸಿಲ್‌ನವರು ಬೇರೆ ತಂಡಕ್ಕೆ ಕೊಡುತ್ತಿದ್ದರು. ಪ್ರತಿ ವರ್ಷ ಹಳಬರು ಬಿಟ್ಟಷ್ಟೇ ಹೊಸಬರು ಬರುತ್ತಿದ್ದರು, ಹೇಗೋ ನಡೆಯುತ್ತಿತ್ತು. ಆ ವರ್ಷ ಹೊಸಬರು ಒಬ್ಬರೂ ಬರಲಿಲ್ಲ. ಇದ್ದವರೂ ಸ್ವಿಮಿಂಗ್ ಎಂದರು, ದೂರವೆಂದರು, ನೋಡೋಣವೆಂದರು. ನಾನೂ ಮಗಳನ್ನು ಬಿಡಿಸಿ ಸ್ವಿಮಿಂಗಿಗೆ ಸೇರಿಸಿದ್ದೆ. ಅವಳು ಆಗ ಟ ಠ ಡ ಢ ಣ ಬರೆಯುತ್ತಿದ್ದಳು.

ಒಂದು ದಿನ ಟೀಚರ್ ಫೋನ್ ಮಾಡಿದರು. "ಯಾರೋ ಒಂದು ಲಿಸ್ಟ್ ಮಾಡ್ಯಾರಂತ ತಂಗಿ. ಅದ್ರಾಗ ನಮ್ಮ ಊರಿಗೆ ಕೆಂಪು ಹಚ್ಚ್ಯಾರಂತ. ನಿನಗ ಎಲ್ಲರೂ ಗೊತ್ತು, ಯಾರಂತ ಕೇಳಿ ಹೇಳು. ಜಗಳಕ್ಕಲ್ಲ. ಒಂದು ಶನಿವಾರ ಬರ್ರಿ ಅಂತ ಕರೀತೀನಿ. ಚಾ ಕುಡಿದು, ಬೀದಿಯೊಳಗ ಒಂದು ಸುತ್ತು ಹಾಕಿ, ಆಮ್ಯಾಲೆ ಯಾವ ಬಣ್ಣನರ ಹಚ್ಚಲಿ." ದನಿಯಲ್ಲಿ ಸಿಟ್ಟಿರಲಿಲ್ಲ. ಪಾಲಕರಿಗೆ ಮನವರಿಕೆ ಮಾಡುವ ಮೇಷ್ಟರ ದನಿಯೇ ಇತ್ತು.

ಆಗ ಹೇಳಬಹುದಿತ್ತು. ನಾನೇ, ಟೀಚರ್, ಎರಡೇ ಪದ. "ವಿಚಾರಿಸ್ತೀನಿ ಟೀಚರ್," ಎಂದೆ.

ಮರುವಾರ ಕೇಳಿದರು. ಅದರ ಮುಂದಿನ ವಾರವೂ ಕೇಳಿದರು. "ಗೊತ್ತಾತೇನು?" "ಇನ್ನೂ ಇಲ್ಲ ಟೀಚರ್." ಅವರಿಗೆ ಹೇಳದಿದ್ದರೂ ಆ ಸಾಲನ್ನಾದರೂ ತಿದ್ದಬಹುದಿತ್ತು. ತಿದ್ದಲು ಕುಳಿತಾಗಲೆಲ್ಲ ಮಗಳ ಸೀಟಿನ ಗಾಜು ಕಣ್ಣಿಗೆ ಬರುತ್ತಿತ್ತು. ಗಾಜು ಸುಳ್ಳಲ್ಲ. ತಿದ್ದಿದ ಮೇಲೆ ಯಾರ ಮಗುವಿಗಾದರೂ ಏನಾದರೂ ಆದರೆ ಎಂಬ ಹೆದರಿಕೆ ಒಂದು ಕಡೆ, ಅಷ್ಟು ಜನ ಹೊಗಳಿದ ಶೀಟ್ ತಪ್ಪೆಂದು ಒಪ್ಪಿಕೊಳ್ಳುವ ಸಂಕಟ ಇನ್ನೊಂದು ಕಡೆ. ಎರಡರಲ್ಲಿ ಯಾವುದು ದೊಡ್ಡದಿತ್ತೆಂದು ನನಗೆ ಚೆನ್ನಾಗಿಯೇ ಗೊತ್ತು.

ಎರಡು ತಿಂಗಳಾದ ಮೇಲೆ ಅವರು ಕೇಳುವುದನ್ನು ಬಿಟ್ಟರು. ಫೋನ್ ಮಾಡಿದಾಗ ಮಗಳ ಬಗ್ಗೆ ವಿಚಾರಿಸುತ್ತಿದ್ದರು, ಲಿಸ್ಟಿನ ಮಾತೇ ಎತ್ತುತ್ತಿರಲಿಲ್ಲ. ಅವರಿಗೆ ಗೊತ್ತಾಯಿತೇ... ಯಾರಾದರೂ ಹೇಳಿಬಿಟ್ಟರೇ... ಇವತ್ತಿಗೂ ನನಗೆ ತಿಳಿಯದು. ಕ್ಲಾಸಿನ ಕೊನೆಯ ಶನಿವಾರ ಮೂರು ಮಕ್ಕಳಿದ್ದರಂತೆ. ಟೀಚರ್ ಎಂದಿನಂತೆ ಹಾಜರಿ ಕೂಗಿದರಂತೆ, ಬಿಟ್ಟುಹೋದವರ ಹೆಸರನ್ನೂ ಸೇರಿಸಿ. ನಾನು ಹೋಗಿರಲಿಲ್ಲ. ಹಾಲ್ ಒಂದು ಡ್ಯಾನ್ಸ್ ತಂಡಕ್ಕೆ ಹೋಯಿತು.

ಆಮೇಲೆ ನನಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು. ಕ್ವೇಕರ್ಸ್ ಹಿಲ್‌ನಲ್ಲಿ ಮನೆ ಮಾಡಿದೆವು, ಮಾರ್ಟ್‌ಗೇಜು, ಓಡಾಟ, ಹೀಗೆ ನಾಲ್ಕು ವರ್ಷ ಕಳೆಯಿತು. ಮೆಲ್ಬರ್ನ್ ಬಿಡುವ ಮುಂಚೆ ಟೀಚರ್ ಮನೆಗೆ ಹೋಗಿ ಬರಬೇಕಿತ್ತು, ಪ್ಯಾಕಿಂಗ್ ಇದೆ ಎಂದು ಫೋನಿನಲ್ಲೇ ಮುಗಿಸಿದೆ. "ಆಯ್ತು ತಂಗಿ, ಮಗಳಿಗೆ ಮನ್ಯಾಗರ ಕಲಿಸು. ಒತ್ತಕ್ಷರದ ಹೊತ್ತಿಗೆ ಕೈ ಬಿಡಬ್ಯಾಡ," ಎಂದರು. ನಾನು ಕಲಿಸಲಿಲ್ಲ.

ಅವರು ತೀರಿಕೊಂಡ ಸುದ್ದಿ ಗ್ರೂಪಿನಲ್ಲಿ ಬಂತು. ಮೇಲೆ ಹೋಳಿಗೆ ಆರ್ಡರ್, ಕೆಳಗೆ ರೂಮ್ ಬಾಡಿಗೆಗಿದೆ ಎಂಬ ಮೆಸೇಜು, ನಡುವೆ ಟೀಚರ್. ಹೊಟ್ಟೆಯ ಕ್ಯಾನ್ಸರ್, ಗೊತ್ತಾಗಿ ಮೂರೇ ತಿಂಗಳು. ಕೆಳಗೆ ಸಾಲುಸಾಲಾಗಿ ಕೈ ಮುಗಿದ ಚಿತ್ರಗಳು. ನಾನೂ ಒಂದು ಹಾಕಿದೆ. ಒಂದೂವರೆ ಗಂಟೆಯ ವಿಮಾನ, ಹೋಗಬಹುದಿತ್ತು. ಆ ವಾರ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರಿನ ರಿಲೀಸ್ ಇತ್ತು, ಅದನ್ನೇ ಹಿಡಿದುಕೊಂಡು ಕುಳಿತೆ. ಅಂತ್ಯಕ್ರಿಯೆಗೆ ಹೋಗಿದ್ದ ಗೆಳತಿ ಆಮೇಲೆ ಹೇಳಿದಳು, ಕನ್ನಡದವರು ಬೆರಳೆಣಿಕೆಯಷ್ಟು ಜನ, ಉಳಿದವರೆಲ್ಲ ಅವರ ಬೀದಿಯವರು. ಆಸ್ಪತ್ರೆಗೆ ದಿನ ಬಿಟ್ಟು ದಿನ ಕರೆದುಕೊಂಡು ಹೋದದ್ದು ಅಂದು ಗಾಜು ಹೆಕ್ಕಿದ ಆ ಎದುರುಮನೆಯ ಮುದುಕರಂತೆ. "ಶನಿವಾರ ಮಕ್ಕಳ ಗಲಾಟೆ ನಿಂತಮೇಲೆ ನಮ್ಮ ಬೀದಿ ಬಿಕೋ ಅನ್ನುತ್ತೆ," ಎಂದು ಅವರು ಎಲ್ಲರೆದುರು ಹೇಳಿದರಂತೆ.

ಅಂದು ಶೀಟ್ ತೆರೆದು ಆ ಸಾಲಿನ ಕೆಂಪು ಅಳಿಸಿದೆ. ಅಳಿಸಿದ್ದು ನನ್ನ ಪ್ರತಿಯಲ್ಲಿ ಮಾತ್ರ. ಊರೆಲ್ಲ ಓಡಾಡುತ್ತಿರುವ ಪ್ರತಿಗಳಲ್ಲಿ ಅದು ಹಾಗೆಯೇ ಇದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎನ್ನುತ್ತಾರಲ್ಲ, ಅದೇ ಕೆಲಸ.

ಮೊನ್ನೆ ಅದೇ ಗ್ರೂಪಿನಲ್ಲಿ ಒಂದು ಮೆಸೇಜ್ ಬಂತು. ಬೇರೆ ಕಡೆ ಮನೆಯ ಬೆಲೆ ಏರಿ ಏರಿ, ಈಗ ನಮ್ಮವರೆಲ್ಲ ಟೀಚರ್ ಇದ್ದ ಸಬರ್ಬಿನಲ್ಲೇ ಮನೆ ಕೊಳ್ಳುತ್ತಿದ್ದಾರೆ. ಅಲ್ಲೀಗ ಹತ್ತೊಂಬತ್ತು ಕನ್ನಡದ ಮಕ್ಕಳಿದ್ದಾರೆ, ಕೌನ್ಸಿಲ್‌ನವರು ಹಾಲ್ ಕೊಡುತ್ತಾರಂತೆ, ಕಲಿಸುವವರು ಬೇಕು ಎಂದು ಒಬ್ಬ ತಾಯಿ ಕೇಳಿದ್ದಳು. ಯಾರೋ ನನ್ನ ಹೆಸರು ಕೊಟ್ಟು, ಇವರಿಗೆ ಎಲ್ಲರೂ ಗೊತ್ತು ಎಂದಿದ್ದರು. ಆಕೆಯೇ ಫೋನ್ ಮಾಡಿದಳು. ದನಿಯಿಂದ ಬೆಂಗಳೂರಿನವಳು, ಚಿಕ್ಕ ವಯಸ್ಸು. ಹಿಂದೆಯೇ ಒಂದು ಮಗು ಇಂಗ್ಲಿಷಿನಲ್ಲಿ ಏನನ್ನೋ ಕೇಳುತ್ತಿತ್ತು.

ನಾನು ಅವಳಿಗೆ ಟೀಚರ್ ಬಗ್ಗೆ ಹೇಳಿದೆ. ಹಾಲ್ ಬಗ್ಗೆ, ಹನ್ನೆರಡು ಮಕ್ಕಳ ಬಗ್ಗೆ ಹೇಳಿದೆ. ಆ ಲಿಸ್ಟ್ ಮಾಡಿದ್ದು ನಾನೇ ಎಂದೂ ಹೇಳಿದೆ. ಅಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು, ಹೆಸರೂ ಸರಿಯಾಗಿ ಗೊತ್ತಿಲ್ಲದ ಹುಡುಗಿಯೊಬ್ಬಳ ಮುಂದೆ ಹೊರಗೆ ಬಂತು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

"ಅಯ್ಯೋ, ಹೋಗ್ಲಿ ಬಿಡಿ ಅಕ್ಕ. ನಾವೂ ಆ ಲಿಸ್ಟ್ ನೋಡಿ ಫಸ್ಟ್ ಹೆದ್ರಿದ್ವಿ. ಈಗ ನೋಡಿದ್ರೆ ಎಂಥದ್ದೂ ಇಲ್ಲ, ಆರಾಮಾಗಿದೀವಿ," ಎಂದಳು. ಆಮೇಲೆ ಮೆಲ್ಲಗೆ, "ಅವ್ರ ಥರ ಕಲಿಸೋರು ಇನ್ಯಾರಾದ್ರೂ ಗೊತ್ತಾ ನಿಮ್ಗೆ?" ಎಂದು ಕೇಳಿದಳು.

ಇಲ್ಲ ಎಂದೆ.