ಹಸಿರು ನೀರಿನ ಅಳತೆ

ಬೆಳಗಿನ ಐದೂಮುಕ್ಕಾಲು. ಮೀನುಮರಿ ಸಾಕುವ ಕೇಂದ್ರದ ಹಿಂದಿನ ಅಂಗಳದಲ್ಲಿ ಒಬ್ಬ ಹೆಂಗಸು ತೊಟ್ಟಿಯ ನೀರನ್ನು ಬಿಳಿ ಪಿಂಗಾಣಿ ಬಟ್ಟಲಲ್ಲಿ ಮೊಗೆದು ಬಣ್ಣ ನೋಡುತ್ತಿದ್ದಾರೆ. ಅದು ಗಿಣಿಹಸಿರಾಗಿರಬೇಕಿತ್ತು. ನಾಲ್ಕು ದಿನದಿಂದ ಬಿಸಿಲಿಲ್ಲ. ಬಟ್ಟಲ ತಳದ ಗೀರು ಸ್ಪಷ್ಟವಾಗಿ ಕಾಣುತ್ತಿದೆ. "ತೆಳುವಾಗಿದೆ" ಎಂದಷ್ಟೇ ಹೇಳಿ ಮುಂದಿನ ತೊಟ್ಟಿಗೆ ಹೋಗುತ್ತಾರೆ.

ಇಲ್ಲಿ ಎಲ್ಲರಿಗೂ ಅವರು ಹಸಿರಕ್ಕ. ಹದಿನಾಲ್ಕು ವರ್ಷದಿಂದ ಒಂಬತ್ತು ತೊಟ್ಟಿಗಳ ಹಸಿರು ನೀರನ್ನು ನೋಡಿಕೊಳ್ಳುತ್ತಿದ್ದಾರೆ. ಆ ಹಸಿರೆಂದರೆ ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣದ ಪಾಚಿ, ಬಿಸಿಲಲ್ಲೇ ಬೆಳೆಯುವಂಥದ್ದು. ಅದನ್ನು ತಿಂದು ಒಳಗಿನ ಪೀಪಾಯಿಗಳಲ್ಲಿ ಸೂಜಿಮೊನೆಯಂಥ ಹುಳಗಳು ಬೆಳೆಯುತ್ತವೆ. ಆ ಹುಳ ಮೀನುಮರಿಯ ಮೊದಲ ತುತ್ತು. ಮೊಟ್ಟೆಯೊಡೆದ ಮರಿ ಹೊಟ್ಟೆಯಡಿಯ ಹಳದಿ ಚೀಲದ ಮೇಲೆ ಮೂರು ದಿನ ಬದುಕುತ್ತದೆ. ಬಾಯಿ ತೆರೆದ ದಿನ ಎದುರಿಗೆ ತಿನ್ನಲು ಇರಬೇಕು. ತಡವಾದರೆ, ಆಮೇಲೆ ಕೊಟ್ಟರೂ ತಿನ್ನುವ ತ್ರಾಣ ಅದಕ್ಕಿರುವುದಿಲ್ಲ.

"ಹತ್ತು ಪಾಲು ಹಸಿರು ಹಾಕಿದ್ರೆ ಒಂದು ಪಾಲು ಹುಳ. ಹತ್ತು ಪಾಲು ಹುಳ ಹಾಕಿದ್ರೆ ಒಂದು ಪಾಲು ಮರಿ" ಎನ್ನುತ್ತಾರೆ. ಉಳಿದದ್ದು? "ಅವೂ ಉಸಿರಾಡ್ಬೇಕು, ಈಜ್ಬೇಕು. ಎಲ್ಲಾನೂ ಮೈಗೆ ಹತ್ತುತ್ತಾ? ನಮ್ಮನೇಲಿ ತಿಂದಿದ್ದೆಲ್ಲ ಮೈಗೆ ಹತ್ತೋದು ನಮ್ಮತ್ತೆಗೊಬ್ಬರಿಗೇ."

ಅತ್ತೆಯೂ ಬಿಡುವವರಲ್ಲ. "ನಮ್ಮ ಸೊಸೆಗೆ ನೀರು ಕಾಯೋ ಕೆಲಸ. ಅದೇನು ಓಡಿಹೋಗುತ್ತಾ?" ಎಂದು ನೆರೆಯವರ ಮುಂದೆ ನಗುತ್ತಾರಂತೆ. ಗಂಡ ಲಾರಿ ಚಾಲಕ, ವಾರಕ್ಕೆರಡು ದಿನ ಮನೆಯಲ್ಲಿ. ಈ ಕೆಲಸಕ್ಕೆ ರಜೆಯಿಲ್ಲ. ಮಗಳಿಗೆ ಹೆರಿಗೆಯಾದ ಮೂರನೇ ದಿನವೇ ಹಸಿರಕ್ಕ ತೊಟ್ಟಿಗೆ ಮರಳಿದ್ದರು.

ಇಂದಿನ ಕಷ್ಟ ಬೇರೆ. ಮರಿಗಳಿರುವ ಎರಡು ತೊಟ್ಟಿಗಳಲ್ಲಿ ತಲಾ ಎರಡು ಲಕ್ಷ ಮರಿಗಳ ಬಾಯಿ ತೆರೆಯುವ ದಿನ. ಹಸಿರು ತೆಳುವಾದ್ದರಿಂದ ಇರುವ ಹುಳ ಒಂದಕ್ಕೇ ಸಾಕು. ಮೇಲ್ವಿಚಾರಕರು ಬಂದು ಪೀಪಾಯಿಯಲ್ಲಿ ಇಣುಕುತ್ತಾರೆ.

"ಅರ್ಧರ್ಧ ಹಾಕಿ ಅಕ್ಕ. ಅಡ್ಜಸ್ಟ್ ಮಾಡ್ಕೊಳ್ಳುತ್ವೆ."

"ಬಸ್ಸಲ್ಲಿ ಕೂತಿರೋ ಜನಾನಾ ಸರ್, ಅಡ್ಜಸ್ಟ್ ಮಾಡ್ಕೊಳ್ಳೋಕೆ?"

ಆರು ವರ್ಷದ ಹಿಂದೆ ಅವರೇ ಹಾಗೆ ಮಾಡಿದ್ದರು. "ಯಾವುದನ್ನ ಬಿಡೋದು ಅಂತ ಸಮಪಾಲು ಮಾಡ್ದೆ. ಯಾವುದಕ್ಕೂ ಹೊಟ್ಟೆ ತುಂಬ್ಲಿಲ್ಲ. ಎರಡು ದಿನಕ್ಕೆ ಸತ್ತ ಮರಿ ತೇಲಿ ಎರಡೂ ತೊಟ್ಟಿ ಬಿಳೀ ಆಗ್ಹೋಯ್ತು." ಮೇಲ್ವಿಚಾರಕರು ಮತ್ತೊಮ್ಮೆ ಪೀಪಾಯಿಯಲ್ಲಿ ಇಣುಕುತ್ತಾರೆ. ಕೊನೆಗೆ, "ಯಾವುದು ಅಂತ ನೀವೇ ಹೇಳಿ" ಎನ್ನುತ್ತಾರೆ.

ಹಸಿರಕ್ಕ ಎರಡೂ ತೊಟ್ಟಿಗಳ ಅಂಚನ್ನು ಬೆರಳಲ್ಲಿ ತಟ್ಟಿ ನೋಡುತ್ತಾರೆ. ಮೊದಲನೆಯದರ ಮರಿಗಳು ಚುರುಕಾಗಿ ಚದುರುತ್ತವೆ. ಎರಡನೆಯದರವು ನಿಧಾನ. ಹುಳವೆಲ್ಲ ಮೊದಲನೆಯದಕ್ಕೆ ಹೋಗುತ್ತದೆ. ಎರಡನೆಯದರ ಕೊಳವೆಯನ್ನು ಅವರೇ ದೊಡ್ಡ ಮೀನುಗಳ ಕೊಳಕ್ಕೆ ತಿರುಗಿಸುತ್ತಾರೆ. ನೀರು ಬೀಳುವಲ್ಲಿ ದೊಡ್ಡ ಬಾಯಿಗಳು ಮೇಲೇಳುತ್ತವೆ. ತೊಟ್ಟಿ ಖಾಲಿಯಾಗುವವರೆಗೂ ಅವರು ಅಲ್ಲಿಂದ ಕದಲುವುದಿಲ್ಲ.

"ಹಾಳಾಗಿದ್ದು ಏನಿಲ್ಲ. ಒಂದು ಹೊಟ್ಟೆ ಸೇರ್ತು" ಎನ್ನುತ್ತಾರೆ. ಖಾಲಿ ತೊಟ್ಟಿಯತ್ತ ತಿರುಗಿ, "ಆದ್ರೂ ನೋಡೋಕಾಗಲ್ಲ. ಹೇಳಿದ್ದು ನಾನು ತಾನೇ, ಅದಕ್ಕೇ ನಿಂತೆ."

ಹತ್ತು ಗಂಟೆಗೆ ಮೊದಲ ತೊಟ್ಟಿಯಿಂದ ಇಪ್ಪತ್ತು ಮರಿಗಳನ್ನು ಗಾಜಿನ ಲೋಟಕ್ಕೆ ತೆಗೆದು ಭೂತಗನ್ನಡಿ ಹಿಡಿಯುತ್ತಾರೆ. ಪಾರದರ್ಶಕ ಮೈಗಳೊಳಗೆ, ಹೊಟ್ಟೆಯ ಜಾಗದಲ್ಲಿ, ಸಣ್ಣ ಕಪ್ಪು ಚುಕ್ಕೆ: ತಿಂದ ಹುಳ. ಹತ್ತೊಂಬತ್ತು ತಿಂದಿವೆ. ಇಪ್ಪತ್ತನೆಯದನ್ನೂ ತಿರುಗಿಸಿ ತಿರುಗಿಸಿ ನೋಡುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ ಆಕಾಶ ನೋಡುತ್ತಾರೆ. "ಮೂರು ದಿನ ಒಳ್ಳೆ ಬಿಸಿಲು. ಮುಂದಿನ ಸಲ ಎರಡೂ ತೊಟ್ಟಿಗೆ ಬಡಿಸ್ತೀನಿ."