ಮೊದಲು ಮುಖ ನೋಡಿ

ಕಾಲೇಜಿನಲ್ಲಿ ನಾಟಕ ಓದಿದವಳು ಯಂತ್ರಗಳ ಕೈಪಿಡಿ ಬರೆಯುತ್ತಾಳೆಂದರೆ ನೆಂಟರೆಲ್ಲ ನಗುತ್ತಿದ್ದರು. ಆಫೀಸಿನಲ್ಲಂತೂ ಅವಳಿಗೆ ‘ನಾಟಕದಕ್ಕ’ ಎಂಬ ಹೆಸರೇ ಬಿದ್ದಿತ್ತು. ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬರೆಯಲು ಕೂತಾಗ ನಾಟಕ ಕಲಿಸಿದ್ದನ್ನೇ ಕೇಳಿಕೊಳ್ಳುತ್ತಿದ್ದಳು: ಈ ಪುಟ ತೆರೆಯುವವರು ಯಾರು, ಎಲ್ಲಿ ನಿಂತಿದ್ದಾರೆ, ಅವರ ಎದೆ ಹೇಗೆ ಹೊಡೆದುಕೊಳ್ಳುತ್ತಿದೆ?

ಮನೆಯಲ್ಲಿ ಬಳಸುವ ಆಮ್ಲಜನಕದ ಯಂತ್ರಕ್ಕೂ ಹಾಗೇ ಬರೆದಳು. ‘ಯಂತ್ರ ಕೂಗಿಕೊಂಡರೆ ಮೊದಲು ರೋಗಿಯ ಮುಖ ನೋಡಿ. ಮೂಗಿನ ಕೊಳವೆ ಜಾರಿದ್ದರೆ ಸರಿಪಡಿಸಿ. ಯಂತ್ರದ ಕಡೆ ಆಮೇಲೆ ತಿರುಗಿದರಾಯಿತು.’

ಹಿರಿಯ ಇಂಜಿನಿಯರು ಅದಕ್ಕೆ ಅಡ್ಡಗೀಟು ಎಳೆದರು. ಕೆಟ್ಟವರೇನಲ್ಲ, ಅವಳ ಮಗಳಿಗೆ ಬಿಡುವಿನಲ್ಲಿ ಲೆಕ್ಕ ಹೇಳಿಕೊಟ್ಟವರು.

“ಮುಖ ನೋಡಿ ಅನ್ನೋದು ಒಂದು ಸೂಚನೆ ಏನಮ್ಮಾ? ಅಳತೆ ಇಲ್ಲ, ಏನಿಲ್ಲ. ಪರದೆ ಮೇಲಿನ ಸಂಖ್ಯೆ ನೋಡ್ಲಿ, ಕೋಷ್ಟಕದಲ್ಲಿ ಹುಡುಕ್ಲಿ.”

“ಗಾಬರಿಯಾದವರಿಗೆ ಕೋಷ್ಟಕ ಕಾಣುತ್ತಾ ಸಾರ್?”

“ನಾಟಕ ಬೇಡ,” ಎಂದು ನಕ್ಕರು. ಅವಳೂ ನಕ್ಕಳು. ಕೋಷ್ಟಕವೇ ಅಚ್ಚಾಯಿತು.

ಮರುವರ್ಷ ಮಾವನ ಶ್ವಾಸಕೋಶ ಕೈಕೊಟ್ಟಿತು. ಅದೇ ಯಂತ್ರ ಮನೆಗೆ ಬಂತು. ಕೊಳವೆಯ ವಿಷಯವನ್ನು ಅವಳು ಅತ್ತೆಗೆ ಬಾಯಲ್ಲಿ ಹೇಳಿಯೇ ಇದ್ದಳು. ಆದರೆ ಅವಳು ಆಫೀಸಿನಲ್ಲಿದ್ದ ಒಂದು ಮಧ್ಯಾಹ್ನ ಯಂತ್ರ ಕೂಗಿಕೊಂಡಾಗ ಅತ್ತೆ ನಂಬಿದ್ದು ಅಚ್ಚಾದ ಮಾತನ್ನೇ. ಕೈಪಿಡಿ ತೆರೆದು, ಕೋಷ್ಟಕದ ಮೇಲೆ ಬೆರಳನ್ನು ಸಾಲಿಂದ ಸಾಲಿಗೆ ಇಳಿಸಿದರು. ಬೆನ್ನ ಹಿಂದೆ ಮಾವನ ತುಟಿ ನೀಲಿಗಟ್ಟುತ್ತಿತ್ತು. ಕೊಳವೆ ಕುತ್ತಿಗೆಗೆ ಜಾರಿತ್ತು. ಸದ್ದು ಕೇಳಿ ಓಡಿಬಂದ ಪಕ್ಕದ ಮನೆಯಾಕೆ ಅದನ್ನು ಮೂಗಿಗೆ ಸಿಕ್ಕಿಸಿದರು. ಜೀವವೇನೋ ಉಳಿಯಿತು. ನೆನಪು ಉಳಿಯಲಿಲ್ಲ.

“ನೀನೇ ಬರೆದಿದ್ದಲ್ವಾ ಅಂತ ಒಂದಕ್ಷರ ಬಿಡದೆ ಓದ್ದೆ ಕಣೇ,” ಎಂದರು ಅತ್ತೆ ಆಸ್ಪತ್ರೆಯಲ್ಲಿ, ಅವಳ ಕೈ ಹಿಡಿದು. “ನಾನೇನೂ ತಪ್ಪು ಮಾಡ್ಲಿಲ್ಲ ತಾನೇ?”

ಅದು ನಾನು ಬರೆದದ್ದಲ್ಲ ಎನ್ನಲು ಬಾಯಿ ತೆರೆದಳು. ಹಾಗೆಂದರೆ ಅತ್ತೆಗೆ ಉಳಿದಿದ್ದ ಒಂದೇ ಸಮಾಧಾನವನ್ನೂ ಕಿತ್ತುಕೊಂಡಂತೆ.

“ಇಲ್ಲ ಅತ್ತೆ. ನೀವು ಸರಿಯಾಗೇ ಮಾಡಿದ್ರಿ.”

ಸುದ್ದಿ ಕೇಳಿ ಇಂಜಿನಿಯರು ತಾವು ಅಡ್ಡಗೀಟು ಎಳೆದಿದ್ದ ಹಾಳೆಯನ್ನು ಹುಡುಕಿ ತೆಗೆದರು. “ಮುಂದಿನ ಮುದ್ರಣಕ್ಕೆ ಹಾಕಿಸ್ತೀನಮ್ಮಾ. ಒಪ್ಪಿಗೆ ಸಿಗೋಕೆ ವರ್ಷ ಹಿಡಿಯುತ್ತೆ.”

“ಈಗಾಗ್ಲೇ ಜನರ ಮನೆ ಸೇರಿರೋವು?”

 

ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಮಾವನಿಗೆ ಸಂಜೆ ಚಮಚದಲ್ಲಿ ಹಾಲು ಕುಡಿಸುತ್ತಿದ್ದಾಗ ಅವರು ಸಂಕೋಚದಿಂದ ಕೇಳಿದರು: “ನಿಮಗ್ಯಾಕೆ ತೊಂದ್ರೆ? ನೀವು ಯಾರ ಮನೆಯವರಮ್ಮಾ?”

“ಇದೇ ಮನೆಯವಳು ಮಾವ,” ಎಂದಳು.

ಅವರು ತಲೆಯಾಡಿಸಿ, ಅಪರಿಚಿತರ ಮಾತು ಮೀರಬಾರದೆಂಬಂತೆ ಬಾಯಿ ತೆರೆದರು.