ಒಂದೇ ಬೆಂಚು, ಎರಡು ಸಂಬಳ

ಕಾಂಕ್ರೀಟ್ ಪರೀಕ್ಷಿಸುವ ಆ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಇಪ್ಪತ್ತೆಂಟಕ್ಕ ಎಂದೇ ಕರೆಯುತ್ತಿದ್ದರು. ಕಂಟ್ರಾಕ್ಟರುಗಳು ತಂದುಕೊಡುವ ಕಾಂಕ್ರೀಟ್ ಗಟ್ಟಿಗಳನ್ನು ಇಪ್ಪತ್ತೆಂಟು ದಿನ ನೀರಿನ ತೊಟ್ಟಿಯಲ್ಲಿಟ್ಟು, ಆಮೇಲೆ ಯಂತ್ರಕ್ಕೆ ಕೊಟ್ಟು ಒಡೆದು, ಎಷ್ಟು ಭಾರ ತಾಳಿತೆಂದು ಬರೆಯುವುದು ಅವಳ ಕೆಲಸ. ಯಾರು ಎಷ್ಟೇ ಗೋಗರೆದರೂ ಇಪ್ಪತ್ತೇಳನೆಯ ದಿನ ವರದಿ ಕೈಗೆ ಸಿಗುತ್ತಿರಲಿಲ್ಲ. ಹೆಸರು ಬಂದದ್ದು ಹಾಗೆ.

ಅವಳು ಆ ದೇಶದವಳಲ್ಲ. ಇಂಜಿನಿಯರಿಂಗ್ ಓದಲೆಂದು ಬಂದವಳು; ಅಪ್ಪ ಅಲ್ಲಿ, ತಮ್ಮ ಊರಿನಲ್ಲಿ, ಬಸ್ ಡಿಪೋದ ಮೆಕ್ಯಾನಿಕ್. ಕಾಲೇಜಿನಲ್ಲಿ ನಾಲ್ಕು ವರ್ಷ ಅವಳ ಪಕ್ಕ ಕೂತವಳು ಕಾಲೇಜಿದ್ದ ಊರಿನಲ್ಲೇ ಹುಟ್ಟಿ ಬೆಳೆದ ಹುಡುಗಿ. ಇಬ್ಬರದೂ ಒಂದೇ ಬೆಂಚು, ಒಂದೇ ನೋಟ್ಸು. ಕೊನೆಯ ಪರೀಕ್ಷೆಯಲ್ಲಿ ಇವಳಿಗೇ ಮೂರು ಅಂಕ ಹೆಚ್ಚು.

ಪದವಿಯ ಜೊತೆಗೆ ಇವಳಿಗೆ ಇನ್ನೊಂದು ಕಾಗದವೂ ಬಂತು: ಆರು ತಿಂಗಳಲ್ಲಿ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ಎಪ್ಪತ್ತೊಂದು ಅರ್ಜಿ ಹಾಕಿದಳು. ಫೋನಿನಲ್ಲಿ ಅವಳ ಮಾತಿನ ಧಾಟಿ ಕೇಳಿ, “ನೀವು ಎಲ್ಲಿಯವರು?” ಎನ್ನುತ್ತಿದ್ದರು. ಆಮೇಲೆ ಸುದ್ದಿಯಿಲ್ಲ. ಐದನೆಯ ತಿಂಗಳ ಕೊನೆಗೆ ಈ ಲ್ಯಾಬಿನ ಮ್ಯಾನೇಜರ್ ಕರೆದರು. ಸಂಬಳ ಇಷ್ಟು ಎಂದು ಅವರು ಹೇಳಿ ಮುಗಿಸುವ ಮೊದಲೇ ಇವಳು “ಆಗಲಿ ಸರ್” ಎಂದಾಗಿತ್ತು.

ಅವಳ ಕೆಲಸದ ಪರವಾನಗಿಯಲ್ಲಿ ಆ ಲ್ಯಾಬಿನ ಹೆಸರೇ ಅಚ್ಚಾಗಿತ್ತು. ಲ್ಯಾಬ್ ಬಿಟ್ಟರೆ ದೇಶವನ್ನೂ ಬಿಟ್ಟಂತೆ. ಪ್ರತಿ ವರ್ಷ ಸಂಬಳ ಏರಿಸುವ ಹೊತ್ತಿಗೆ ಮ್ಯಾನೇಜರ್ “ಈ ಸಲ ಸ್ವಲ್ಪ ಬಿಗಿ ಇದೆಯಮ್ಮ” ಎನ್ನುತ್ತಿದ್ದರು, ಇವಳು ತಲೆಯಾಡಿಸುತ್ತಿದ್ದಳು. ಆರನೆಯ ವರ್ಷ ಕಾಯಂ ಆಗಿ ನೆಲೆಸಲು ಅನುಮತಿ ಸಿಕ್ಕಿತು. ಆ ಪತ್ರವನ್ನು ಬೀರುವಿನಲ್ಲಿಟ್ಟು ಮರುದಿನ ಎಂದಿನಂತೆ ಎಂಟಕ್ಕೆ ಕೆಲಸಕ್ಕೆ ಹೋದಳು.

ಏಳನೆಯ ವರ್ಷ ಕಾಲೇಜಿನಿಂದ ಹಳೆಯ ವಿದ್ಯಾರ್ಥಿಗಳಿಗೆಲ್ಲ ಒಂದು ಫಾರಂ ಬಂತು. ಮೊದಲ ಸಂಬಳ ಎಷ್ಟು, ಈಗ ಎಷ್ಟು, ಕೆಲಸ ಹೇಗೆ ಸಿಕ್ಕಿತು ಎಂಬ ಪ್ರಶ್ನೆಗಳು. ಭಾನುವಾರ ಮಧ್ಯಾಹ್ನ ಆ ಬೆಂಚಿನ ಗೆಳತಿಯ ಅಡುಗೆಮನೆಯ ಮೇಜಿನ ಮೇಲೆ ಇಬ್ಬರೂ ಬರೆಯಲು ಕೂತರು. ಗೆಳತಿ ಬರೆದ ಅಂಕಿ ಇವಳ ಕಣ್ಣಿಗೆ ಬಿತ್ತು. ಇವಳದರ ಒಂದೂಮುಕ್ಕಾಲು ಪಟ್ಟು. ಇವಳು ತನ್ನ ಫಾರಮ್ಮಿನ ಮೇಲೆ ಅಂಗೈ ಇಟ್ಟಳು.

“ತೋರಿಸೇ,” ಎಂದು ಗೆಳತಿ ಕೈ ಸರಿಸಿ ನೋಡಿದಳು. “ಇಷ್ಟು ವರ್ಷ ಇಷ್ಟೇನಾ? ನೀನು ಕೇಳಲೇ ಇಲ್ವಾ?”

“ಕೇಳಬಹುದು ಅಂತ ನಂಗೆ ಯಾರು ಹೇಳಿದ್ರು?”

“ನಂಗೆ ನಮ್ಮ ಮಾವ ಹೇಳಿದ್ರು. ಮೊದಲು ಹೇಳಿದ ಅಂಕಿಗೆ ಒಪ್ಕೋಬೇಡ ಅಂತ. ಸೇತುವೆ ಕಂಪನೀಲಿ ಜಾಗ ಇದೆ ಅಂತ ಹೇಳಿದ್ದೂ ಅವರೇ.”

ಒಲೆಯ ಮುಂದೆ ನಿಂತಿದ್ದ ಗೆಳತಿಯ ತಾಯಿ ತಿರುಗಿದರು. “ಎರಡು ಕೆಲಸ ಬೇಡ ಅಂದ್ಲು ಇವಳು. ಒಂದು ದೂರ, ಒಂದಕ್ಕೆ ಸಂಬಳ ಸಾಲದು. ಹೊಟ್ಟೇಲಿ ಒಂಬತ್ತು ತಿಂಗಳು ಹೊತ್ತಿದ್ದಲ್ಲದೆ, ಡಿಗ್ರಿ ಆದ್ಮೇಲೆ ಮನೇಲಿ ಇನ್ನೊಂಬತ್ತು ತಿಂಗಳು ಹೊತ್ತೆ. ನಿಂಗೆ ಇಲ್ಲಿ ಯಾರಿದ್ರಮ್ಮ ಹೊರೋಕೆ?”

ಮೂವರೂ ನಕ್ಕರು. ಆದರೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಇವಳಿಗೆ ಕಣ್ಣು ತುಂಬಿತು. ಗೆಳತಿಯ ಮೇಲೆ ಹೊಟ್ಟೆಕಿಚ್ಚಲ್ಲ. ನೆಲೆಸುವ ಅನುಮತಿ ಸಿಕ್ಕ ಮೇಲೂ ಒಂದು ವರ್ಷ ತಾನೇಕೆ ಬಾಯಿಗೆ ಬೀಗ ಹಾಕಿಕೊಂಡಿದ್ದೆ ಎಂಬುದೇ ಅವಳಿಗೆ ಅರ್ಥವಾಗಲಿಲ್ಲ.

ಮರುದಿನ ಮ್ಯಾನೇಜರ್ ಎದುರು ನಿಂತು ಗೆಳತಿಯ ಅಂಕಿಯನ್ನೇ ಹೇಳಿದಳು. ಅವರೇನೂ ಕೆಟ್ಟ ಮನುಷ್ಯರಲ್ಲ; ಕನ್ನಡಕ ತೆಗೆದು ಒರೆಸಿಕೊಂಡರು. “ನೀನು ಕೇಳಲಿಲ್ಲ, ನಾನು ಕೊಡಲಿಲ್ಲ. ಅಷ್ಟೇ ವಿಷಯ. ನೂರಕ್ಕೆ ಹತ್ತು ಏರಿಸ್ತೀನಿ, ಅದರ ಮೇಲೆ ಆಗಲ್ಲ.”

“ಯೋಚನೆ ಮಾಡಿ ಹೇಳ್ತೀನಿ ಸರ್,” ಎಂದಳು. ಆ ಮಾತು ಅವಳ ಬಾಯಿಂದ ಅಲ್ಲಿ ಬಂದದ್ದು ಅದೇ ಮೊದಲು.

ಗೆಳತಿಯ ಕಂಪನಿಗೆ ಅರ್ಜಿ ಹಾಕಿದಳು. ಅಲ್ಲಿಯವರು ಮರ್ಯಾದೆಯಿಂದಲೇ ಮಾತಾಡಿಸಿದರು. ಏಳು ವರ್ಷ ಬರೀ ಪರೀಕ್ಷೆಯ ಕೆಲಸ ಮಾಡಿದ್ದೀರಿ, ವಿನ್ಯಾಸದ ಅನುಭವವಿಲ್ಲ, ಹೊಸಬರ ಸಂಬಳದಿಂದಲೇ ಶುರುಮಾಡಬೇಕಾಗುತ್ತದೆ ಎಂದರು. ಅವಸರದಲ್ಲಿ ಹಿಡಿದ ಮೊದಲ ಕೆಲಸ, ತಪ್ಪಿ ಹತ್ತಿದ ಬಸ್ಸಿನಂತೆ, ಅವಳನ್ನು ಬೇರೆ ದಾರಿಗೇ ಕರೆದೊಯ್ದಿತ್ತು. ಅವಳು ಬೇಡವೆಂದು ಬಂದಳು. ಮೂರು ತಿಂಗಳ ಮೇಲೆ ನಗರದ ರಸ್ತೆ ಇಲಾಖೆಯಲ್ಲಿ ಗುಣಮಟ್ಟ ತಪಾಸಣೆಯ ಹುದ್ದೆ ಸಿಕ್ಕಿತು. ಅಲ್ಲಿ ಯಾವ ಹುದ್ದೆಗೆ ಎಷ್ಟು ಸಂಬಳವೆಂಬ ಪಟ್ಟಿಯನ್ನು ಗೋಡೆಗೇ ಅಂಟಿಸಿದ್ದರು. ಕೇಳಲು ನಾಚುವವರಿಗೂ ಕಾಣುವಂತೆ. ಅವಳ ಹೊಸ ಸಂಬಳ ಹಳೆಯದಕ್ಕಿಂತ ಎಷ್ಟೋ ಹೆಚ್ಚು, ಗೆಳತಿಯದಕ್ಕಿಂತ ಇನ್ನೂ ಕಡಿಮೆ.

ಲ್ಯಾಬಿನ ಕೊನೆಯ ವಾರ ಅವಳ ಜಾಗಕ್ಕೆ ಬಂದವನಿಗೆ ಕೆಲಸ ಕಲಿಸಿದಳು. ಲ್ಯಾಬಿದ್ದ ಊರಿನವನೇ, ಅವಳದೇ ವಯಸ್ಸು, ಪರೀಕ್ಷೆಯ ಕೆಲಸ ಅವನಿಗೆ ಹೊಸದು. ಎರಡನೆಯ ದಿನವೇ ಟೀ ಕುಡಿಯುತ್ತ ತನ್ನ ಸಂಬಳ ಹೇಳಿ ಗೊಣಗಿದ: “ಇದೇನಕ್ಕ, ಈ ಸಂಬಳ ಮೂಗಿಗೆ ಹಚ್ಚೋಕೂ ಸಾಲಲ್ಲ.”

“ಅದರ ಮೇಲೆ ಆಗಲ್ಲ” ಎಂದು ಮ್ಯಾನೇಜರ್ ತನಗೆ ಹೇಳಿದ್ದ ಅಂಕಿಗಿಂತ ಅದು ಹೆಚ್ಚಿತ್ತು. ಇಪ್ಪತ್ತೆಂಟಕ್ಕ ಕಪ್ಪು ಕೆಳಗಿಟ್ಟು, ಯಂತ್ರದ ಬಾಗಿಲು ಸಿಕ್ಕಿಕೊಂಡರೆ ಎಲ್ಲಿ ಒದೆಯಬೇಕೆಂದು ಅವನಿಗೆ ತೋರಿಸಿದಳು. ತೋರಿಸುವಾಗ ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಒದ್ದಳು.